ಔಡಲ: ಎಣ್ಣೆ ಔಷಧ, ಬೀಜ ವಿಷ

ಉತ್ತರ ಕರ್ನಾಟಕದಲ್ಲಿ ಔಡಲವೆಂದೂ ದಕ್ಷಿಣದಲ್ಲಿ ಹರಳು ಎಂದೂ ಕರೆಯುವ ಗಿಡವನ್ನು ಕಾಣದವರು ನಮ್ಮ ನಾಡಿನಲ್ಲಿ ವಿರಳ. ಹೊಲದ ಬದುವಿನಲ್ಲಿ, ತಿಪ್ಪೆಯ ಪಕ್ಕದಲ್ಲಿ, ರೈಲು ಹಳಿಯ ಅಂಚಿನಲ್ಲಿ ಯಾರ ಆರೈಕೆಯನ್ನೂ ಬಯಸದೆ ಅದು ಬೆಳೆಯುತ್ತದೆ. ಒಂದೇ ಗೊನೆಯಲ್ಲಿ ಮೇಲೆ ಹೆಣ್ಣು ಹೂಗಳು, ಕೆಳಗೆ ಗಂಡು ಹೂಗಳು. ಬೆರಳು ಬಿಡಿಸಿದ ಅಂಗೈಯನ್ನು ಹೋಲುವ ಎಲೆಯಿಂದಾಗಿ ಪೂರ್ವಾಚಾರ್ಯರು ಇದಕ್ಕೆ ಗಂಧರ್ವಹಸ್ತವೆಂಬ ಸುಂದರವಾದ ಹೆಸರನ್ನಿತ್ತರು. ಏರಂಡವೆಂಬುದು ಇನ್ನೊಂದು ಹೆಸರು.

ಇಂದು ಇದು ಔಷಧಕ್ಕಿಂತ ಹೆಚ್ಚಾಗಿ ಕೈಗಾರಿಕೆಯ ಬೆಳೆ. ಜಗತ್ತಿನಲ್ಲಿ ಅತಿ ಹೆಚ್ಚು ಔಡಲ ಬೆಳೆಯುವ ದೇಶ ಭಾರತ. ಅದರಲ್ಲಿ ಸಿಂಹಪಾಲು ಗುಜರಾತಿನದು. ಸಾಬೂನು, ಬಣ್ಣ, ನೈಲಾನ್, ಯಂತ್ರಗಳ ಕೀಲೆಣ್ಣೆ ಮುಂತಾದ ಹತ್ತಾರು ವಸ್ತುಗಳಿಗೆ ಈ ಎಣ್ಣೆ ಬೇಕು. ನಮ್ಮ ಎತ್ತಿನ ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆಯನ್ನೇ ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೂ ಹಾಕಿದರು. ಎಣ್ಣೆಯ ಶೇಕಡ 85ರಿಂದ 90ರಷ್ಟು ಭಾಗ ರಿಸಿನೋಲಿಕ್ ಎಂಬ ಆಮ್ಲ. ಕಾರ್ಖಾನೆಗೆ ಬೇಕಾದುದೂ ಅದೇ, ಹೊಟ್ಟೆಯನ್ನು ಕದಲಿಸುವುದೂ ಅದೇ.

ಆಯುರ್ವೇದದಲ್ಲಿ ವಾತವ್ಯಾಧಿಗಳಿಗೆ ಏರಂಡಕ್ಕೆ ಅಗ್ರಸ್ಥಾನವಿದೆ. ಚರಕಸಂಹಿತೆಯು ವಾತಹರ ದ್ರವ್ಯಗಳಲ್ಲಿ ಏರಂಡಮೂಲವನ್ನು ಶ್ರೇಷ್ಠವೆಂದು ಎಣಿಸಿದೆ. ಕೀಲುಗಳು ಬಾತು ನೋಯುವ ಆಮವಾತಕ್ಕೆ ಹರಳೆಣ್ಣೆ ಪ್ರಸಿದ್ಧ ಔಷಧ. ಆ ರೋಗವನ್ನು ಆನೆಗೂ ಈ ಎಣ್ಣೆಯನ್ನು ಸಿಂಹಕ್ಕೂ ಹೋಲಿಸಿದವರುಂಟು. ಗಂಧರ್ವಹಸ್ತಾದಿ ಕಷಾಯ, ಸಿಂಹನಾದ ಗುಗ್ಗುಲು ಮೊದಲಾದವುಗಳನ್ನು ನಾವು ಇಂದಿಗೂ ದಿನನಿತ್ಯ ಬಳಸುತ್ತೇವೆ. ಇಂತಹ ಗಿಡದ ಬಗ್ಗೆ ಎಚ್ಚರಿಕೆಯ ಮಾತನ್ನು ಆಡಬೇಕಾಗಿ ಬಂದಿರುವುದಕ್ಕೆ ಕಾರಣವಿದೆ.

ಹಿಂದೆ ಮನೆಮನೆಯಲ್ಲಿ ಈ ಎಣ್ಣೆ ತೆಗೆಯುತ್ತಿದ್ದರು. ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಬಹಳ ಹೊತ್ತು ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ಎತ್ತಿ, ಉಳಿದ ನೀರಿನಂಶ ಹೋಗುವವರೆಗೆ ಮತ್ತೆ ಕಾಯಿಸುತ್ತಿದ್ದರು. ಈ ಶ್ರಮದಲ್ಲಿ ವಿವೇಕವಿತ್ತು. ಔಡಲ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. 1888ರಲ್ಲಿ ಸ್ಟಿಲ್ಮಾರ್ಕ್ ಎಂಬ ಸಂಶೋಧಕರು ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ಕುದಿಸಿದರೆ ಶಕ್ತಿಗುಂದುತ್ತದೆ. ರಿಸಿನ್ ಎಂಬ ಹೆಸರನ್ನು ಕೇಳದಿದ್ದರೂ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದು ಅದನ್ನೇ. ಇಂದು ಎಣ್ಣೆ ಬಾಟಲಿಯಲ್ಲಿ ಬರುತ್ತದೆ. ಅದರ ಹಿಂದಿದ್ದ ತಿಳಿವಳಿಕೆ ಮಾತ್ರ ಬರುವುದಿಲ್ಲ.

ಮೊದಲು ಬೀಜದ ವಿಚಾರ. ಚುಕ್ಕೆ ಪಟ್ಟೆಗಳಿಂದ ಹೊಳೆಯುವ ಇದರ ಬೀಜ ಮಕ್ಕಳ ಕಣ್ಣಿಗೆ ಆಟಿಕೆ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಕೆಲವೊಮ್ಮೆ ಅಪಾಯ ತಪ್ಪಬಹುದು, ಆದರೆ ಅಗಿದು ತಿಂದರೆ ಕೆಲವೇ ಬೀಜಗಳು ಮಗುವಿನ ಪ್ರಾಣಕ್ಕೆ ಎರವಾಗಬಲ್ಲವು. ವಾಂತಿ, ಹೊಟ್ಟೆನೋವು, ರಕ್ತಭೇದಿ ಕೆಲವು ಗಂಟೆಗಳ ಬಳಿಕ ತೋರುವುದರಿಂದ, ಈಗ ಚೆನ್ನಾಗಿದ್ದಾನೆಂದು ಮನೆಯಲ್ಲಿ ಕಾಯಬಾರದು. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಉಳಿದ ಬೀಜವನ್ನು ಕೈಯಲ್ಲಿ ಹಿಡಿದು ನೇರ ದೊಡ್ಡ ಆಸ್ಪತ್ರೆಗೆ ನಡೆಯಿರಿ. ಬೇಲಿಗೆ ನೆಡುವ ಕಾಡುಹರಳಿನ ಬೀಜವೂ ವಿಷವೇ.

ಗಾಣದಲ್ಲಿ ಎಣ್ಣೆ ಹಿಂಡಿದ ಮೇಲೆ ರಿಸಿನ್ ಹಿಂಡಿಯಲ್ಲಿ ಉಳಿಯುತ್ತದೆ. ಔಡಲ ಹಿಂಡಿ ಒಳ್ಳೆಯ ಗೊಬ್ಬರ. ಆದರೆ ಶೇಂಗಾ ಹಿಂಡಿಯ ಚೀಲದ ಪಕ್ಕದಲ್ಲಿ ಅದನ್ನು ಇಡಲೇಬೇಡಿ. ದನಕರುಗಳು ಮೇವೆಂದು ತಿಂದರೆ, ಕುಂಡಕ್ಕೆ ಹಾಕಿದ್ದನ್ನು ನಾಯಿ ಕೆದಕಿ ತಿಂದರೆ, ಉಳಿಸುವುದು ಕಷ್ಟ.

ಇನ್ನು ಎಣ್ಣೆ. ಹೊಟ್ಟೆನೋವು ಎಂದೊಡನೆ ಹರಳೆಣ್ಣೆ ಕುಡಿಸುವ ರೂಢಿಯನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ನೋವು ಹೊಕ್ಕುಳ ಸುತ್ತ ಆರಂಭವಾಗಿ ಬಲಭಾಗದ ಕೆಳಹೊಟ್ಟೆಗೆ ಇಳಿದು, ಜ್ವರ, ವಾಂತಿ ಸೇರಿದರೆ ಅದು ಅಪೆಂಡಿಕ್ಸಿನ ಉರಿಯೂತವಿರಬಹುದು. ಆಗ ಭೇದಿ ಮಾಡಿಸಿದರೆ ಅದು ಒಡೆಯುವ ಸಂಭವವುಂಟು. ಗರ್ಭಿಣಿಯರಿಗೂ ಇದು ಸಲ್ಲದು. ಈ ಆಮ್ಲವು ಕರುಳನ್ನಷ್ಟೇ ಅಲ್ಲ, ಗರ್ಭಕೋಶವನ್ನೂ ಸಂಕೋಚಗೊಳಿಸುತ್ತದೆ. ಎರಡೂ ಕಡೆ ಅದು ಒಂದೇ ಗ್ರಾಹಕದ ಮೂಲಕ ಕೆಲಸ ಮಾಡುತ್ತದೆಂದು 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ದಿನ ತುಂಬಿತು, ಬೇಗ ಹೆರಿಗೆಯಾಗಲಿ ಎಂದು ಹಿರಿಯರು ಒತ್ತಾಯಿಸಬಾರದು.

ಎಳೆಗೂಸುಗಳ ಬಾಯಿಗೆ, ಮೂಗಿಗೆ ಎಣ್ಣೆ ಬಿಡುವುದಂತೂ ಸಂಪೂರ್ಣ ನಿಲ್ಲಬೇಕು. ಅಳುವ ಕೂಸಿನ ಉಸಿರಿನೊಡನೆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಉಂಟಾಗುವ ನ್ಯುಮೋನಿಯಾ ಸುಲಭಕ್ಕೆ ಬಗ್ಗುವುದಿಲ್ಲ. ಶಾಲೆ ತೆರೆಯುವ ಮುನ್ನ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಕುಡಿಸುತ್ತಿದ್ದ ಕಾಲ ಹಿರಿಯ ಓದುಗರಿಗೆ ನೆನಪಿರಬಹುದು. ‘ಹರಳೆಣ್ಣೆ ಕುಡಿದ ಮುಖ’ ಎಂಬ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ! ವಿರೇಚನವೆಂಬುದು ದೇಹಬಲ, ವಯಸ್ಸು, ಕೋಷ್ಠ ನೋಡಿ ವೈದ್ಯರು ಕೊಡುವ ಚಿಕಿತ್ಸೆ, ತಿಂಗಳಿಗೊಮ್ಮೆ ನಡೆಸುವ ಆಚರಣೆಯಲ್ಲ. ಕೊಟ್ಟಾಗಲೂ ಔಷಧ ದರ್ಜೆಯ ಎಣ್ಣೆಯನ್ನೇ ಕೊಡಬೇಕು. ದೀಪಕ್ಕೆಂದು, ಯಂತ್ರಕ್ಕೆಂದು ಮಾರುವುದು ಹೊಟ್ಟೆಗಲ್ಲ.

ಹೊರ ಉಪಯೋಗಕ್ಕೆ ಇಷ್ಟು ಅಂಜಬೇಕಿಲ್ಲ. ಮಂಡಿನೋವಿರುವವರು ಎಳೆಯದಲ್ಲದ ಔಡಲದ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ, ಕೈಗೆ ಹಿತವಾಗುವಷ್ಟು ಬಿಸಿಯಿರುವಾಗ ರಾತ್ರಿ ಮಂಡಿಗೆ ಕಟ್ಟಿಕೊಳ್ಳಬಹುದು. ಚರ್ಮದಲ್ಲಿ ಗಾಯವಿದ್ದರೆ, ಮಂಡಿ ಕೆಂಪಾಗಿ ಜ್ವರ ಬಂದಿದ್ದರೆ ಕಟ್ಟಬಾರದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರು ಬಿಸಿಯನ್ನು ಮನೆಯ ಬೇರೆಯವರ ಕೈಯಿಂದ ಪರೀಕ್ಷಿಸಿದ ಮೇಲೆಯೇ ಕಟ್ಟಿಸಿಕೊಳ್ಳಬೇಕು.