ಬುದ್ಧಿಸೂಚ್ಯಂಕ: ಆ ಅಂಕ ಹೇಳುವುದೇನು, ಹೇಳದಿರುವುದೇನು?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಪಾಲಕರ ಕೈಯಲ್ಲಿ ಇತ್ತೀಚೆಗೆ ಹೊಸ ಬಗೆಯ ವರದಿಯೊಂದು ಕಾಣಸಿಗುತ್ತಿದೆ. ಅದು ರಕ್ತ ಪರೀಕ್ಷೆಯದಲ್ಲ, ಎಕ್ಸರೇಯದೂ ಅಲ್ಲ. ಮಗುವಿನ ಹೆಸರಿನ ಕೆಳಗೆ ‘ಐ.ಕ್ಯೂ. 68’ ಎಂದೋ ‘ಐ.ಕ್ಯೂ. 79’ ಎಂದೋ ನಮೂದಿಸಿದ ಒಂದು ಹಾಳೆ. ಮಗು ಪಾಠದಲ್ಲಿ ಹಿಂದುಳಿದಿದೆಯೆಂದು ಶಿಕ್ಷಕರು ತಪಾಸಣೆಗೆ ಕಳುಹಿಸಿದಾಗ, ಇಲ್ಲವೇ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿದಾಗ ಈ ಪರೀಕ್ಷೆ ನಡೆಯುತ್ತದೆ. ಆ ಅಂಕವನ್ನು ಮಗುವಿನ ಹಣೆಬರಹವೆಂದೇ ತಿಳಿದು ಕಣ್ಣೀರಿಡುವ ತಾಯಂದಿರಿದ್ದಾರೆ. ಮೊಬೈಲಿನಲ್ಲಿ ಹತ್ತು ನಿಮಿಷದ ಆಟವಾಡಿ ‘ನನ್ನ ಮಗನದು 140’ ಎಂದು ಬೀಗುವವರೂ ಇದ್ದಾರೆ. ಅಂಕದ ಅರ್ಥ ತಿಳಿಯದಿರುವುದೇ ಈ ದುಃಖಕ್ಕೂ ಈ ಹೆಮ್ಮೆಗೂ ಕಾರಣ. ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನು ತುಸು ವಿಸ್ತಾರವಾಗಿ ಅರಿಯೋಣ.

ಕಾಣದ್ದನ್ನು ಅಳೆಯುವುದು ಹೇಗೆ?

ಎತ್ತರವನ್ನು ಅಳತೆಪಟ್ಟಿಯಿಂದಲೂ ತೂಕವನ್ನು ತಕ್ಕಡಿಯಿಂದಲೂ ಅಳೆಯಬಹುದು. ಬುದ್ಧಿಯಾದರೋ ಕಣ್ಣಿಗೆ ಕಾಣುವ ವಸ್ತುವಲ್ಲ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಇಂಥ ಕಾಣದ ಸಂಗತಿಗಳನ್ನು ಅನುಮಾನ ಪ್ರಮಾಣದಿಂದ ತಿಳಿಯುವ ಕ್ರಮವನ್ನು ಹೇಳಲಾಗಿದೆ. ಜಠರಾಗ್ನಿಯನ್ನು ಜೀರ್ಣಿಸುವ ಶಕ್ತಿಯಿಂದ, ದೇಹಬಲವನ್ನು ವ್ಯಾಯಾಮದ ಶಕ್ತಿಯಿಂದ, ಮೇಧೆಯನ್ನು ಗ್ರಹಿಸುವ ಶಕ್ತಿಯಿಂದ, ಸ್ಮೃತಿಯನ್ನು ಸ್ಮರಿಸುವ ಶಕ್ತಿಯಿಂದ ಊಹಿಸಬೇಕೆಂಬುದು ಅಲ್ಲಿನ ತಾತ್ಪರ್ಯ. ಆಧುನಿಕ ಬುದ್ಧಿಪರೀಕ್ಷೆಯೂ ಇದನ್ನೇ ಮಾಡುತ್ತದೆ. ಮಗುವಿಗೆ ಕೆಲವು ಕೆಲಸಗಳನ್ನು ಕೊಟ್ಟು, ಅವುಗಳನ್ನು ನಿರ್ವಹಿಸಿದ ರೀತಿಯಿಂದ ಒಳಗಿನ ಸಾಮರ್ಥ್ಯವನ್ನು ಊಹಿಸುತ್ತದೆ. ಊಹೆ ಎಷ್ಟೇ ಶಾಸ್ತ್ರೀಯವಾಗಿದ್ದರೂ ಅದು ಊಹೆಯೇ ಎಂಬುದನ್ನು ಮರೆಯಬಾರದು.

ಪ್ಯಾರಿಸಿನಿಂದ ಮುಂಬಯಿ ಕರ್ನಾಟಕಕ್ಕೆ

ಫ್ರಾನ್ಸ್ ದೇಶದಲ್ಲಿ ಶಿಕ್ಷಣ ಕಡ್ಡಾಯವಾದ ಬಳಿಕ, ಸಾಮಾನ್ಯ ತರಗತಿಯಲ್ಲಿ ಕಲಿಯಲಾರದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಬೋಧನೆ ನೀಡುವ ಪ್ರಶ್ನೆ ಎದುರಾಯಿತು. ಈ ಉದ್ದೇಶಕ್ಕಾಗಿ ಆಲ್‌ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಎಂಬ ವಿದ್ವಾಂಸರು 1905ರಲ್ಲಿ ಮೊದಲ ಬುದ್ಧಿಪರೀಕ್ಷೆಯನ್ನು ರಚಿಸಿದರು. 1908ರ ಪರಿಷ್ಕರಣೆಯಲ್ಲಿ ಪ್ರಶ್ನೆಗಳನ್ನು ವಯಸ್ಸಿಗನುಗುಣವಾಗಿ ಜೋಡಿಸಿದರು. ಮಕ್ಕಳಿಗೆ ನೆರವಾಗುವುದೇ ಈ ಪರೀಕ್ಷೆಯ ಮೂಲ ಉದ್ದೇಶವಾಗಿತ್ತೇ ಹೊರತು ಅವರಿಗೆ ಹಣೆಪಟ್ಟಿ ಅಂಟಿಸುವುದಲ್ಲ. ಬುದ್ಧಿ ಹುಟ್ಟಿನಿಂದಲೇ ಸ್ಥಿರ, ಅದನ್ನು ಬೆಳೆಸಲಾಗದು ಎಂಬ ಮಾತನ್ನು ಸ್ವತಃ ಬಿನೆಯವರೇ ಖಂಡಿಸಿದ್ದರು.

ಭಾರತದಲ್ಲಿ ಈ ಪರೀಕ್ಷೆಯನ್ನು ಅಳವಡಿಸುವ ಮೊದಲ ಪ್ರಯತ್ನ 1922ರಲ್ಲಿ ಲಾಹೋರಿನಲ್ಲಿ ಸಿ. ಹರ್ಬರ್ಟ್ ರೈಸ್ ಅವರಿಂದ ನಡೆಯಿತು. ನಮಗೆ ಹೆಚ್ಚು ಹತ್ತಿರದ ಕೆಲಸವನ್ನು ಮಾಡಿದವರು ವಿ. ವಿ. ಕಾಮತ್. ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ, 1934ರಲ್ಲಿ ವಿದ್ವತ್ ಪತ್ರಿಕೆಯಲ್ಲಿಯೂ 1940ರಲ್ಲಿ ಗ್ರಂಥರೂಪದಲ್ಲಿಯೂ ಪ್ರಕಟಿಸಿದರು. ಅದಕ್ಕೆ ‘ಬಾಂಬೆ-ಕರ್ನಾಟಕ ಪರಿಷ್ಕರಣೆ’ ಎಂದು ಹೆಸರು. ಅಂದಿನ ಮುಂಬಯಿ ಕರ್ನಾಟಕವೆಂದರೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ಇಂದಿಗೂ ದೇಶದ ಹಲವು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ನಮ್ಮ ಸೀಮೆಯ ಭಾಷೆಗೆ ಹೊಂದಿಸಿದ ಮಾಪಕವೊಂದು ಇಷ್ಟು ದೀರ್ಘಕಾಲ ಬಾಳಿರುವುದು ಅಭಿಮಾನದ ಸಂಗತಿ.

ಲೆಕ್ಕದ ಬಗೆ

ಈ ಪರೀಕ್ಷೆಯಲ್ಲಿ ಪ್ರತಿ ವಯೋಮಟ್ಟಕ್ಕೂ ಆರು ಪ್ರಶ್ನೆಗಳಿರುತ್ತವೆ. ಹೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಮರಳಿ ಹೇಳುವುದು, ಆಕೃತಿಯನ್ನು ನೋಡಿ ಬರೆಯುವುದು, ಎರಡು ವಸ್ತುಗಳ ವ್ಯತ್ಯಾಸ ತಿಳಿಸುವುದು ಮುಂತಾದವು ಅದರ ಬಗೆಗಳು. ನಿಜವಾದ ಪ್ರಶ್ನೆಗಳನ್ನು ಇಲ್ಲಿ ಕೊಡುವುದು ಉಚಿತವಲ್ಲ. ಮೊದಲೇ ಅಭ್ಯಾಸ ಮಾಡಿದರೆ ಪರೀಕ್ಷೆಯ ಪ್ರಯೋಜನವೇ ಕೆಡುತ್ತದೆ.

ಒಂಬತ್ತು ವರ್ಷ ಎರಡು ತಿಂಗಳ, ಅಂದರೆ 110 ತಿಂಗಳ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳಿ. ಏಳು ವರ್ಷದ ಮಟ್ಟದವರೆಗಿನ ಎಲ್ಲ ಪ್ರಶ್ನೆಗಳಿಗೂ ಅವಳು ಸರಿಯಾಗಿ ಉತ್ತರಿಸಿದಳು. ಅದು 84 ತಿಂಗಳಾಯಿತು. ಎಂಟರ ಮಟ್ಟದಲ್ಲಿ ಮೂರು, ಒಂಬತ್ತರ ಮಟ್ಟದಲ್ಲಿ ಎರಡು ಸರಿಯಾದವು. ಹತ್ತರ ಮಟ್ಟದಲ್ಲಿ ಒಂದೂ ಆಗಲಿಲ್ಲ. ಈ ಮಟ್ಟಗಳಲ್ಲಿ ಒಂದೊಂದು ಸರಿಯುತ್ತರಕ್ಕೆ ಎರಡು ತಿಂಗಳಂತೆ ಹತ್ತು ತಿಂಗಳು ಸೇರಿಸಿದರೆ ಅವಳ ಮಾನಸಿಕ ವಯಸ್ಸು 94 ತಿಂಗಳು. ಅದನ್ನು 110ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 85. ಇದೇ ಬುದ್ಧಿಸೂಚ್ಯಂಕ. ಹೀಗೆ ಭಾಗಿಸುವ ಕ್ರಮವನ್ನು 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಸೂಚಿಸಿದರು.

ವಯಸ್ಕರಿಗೆ ಈ ಲೆಕ್ಕ ಒಗ್ಗದು. ನಲವತ್ತರ ಮನುಷ್ಯನ ಬುದ್ಧಿ ಇಪ್ಪತ್ತರವನ ಇಮ್ಮಡಿಯಾಗಿರುವುದಿಲ್ಲ. ಆದ್ದರಿಂದ ಅಮೆರಿಕದ ಡೇವಿಡ್ ವೆಕ್ಸ್ಲರ್ 1939ರಲ್ಲಿ ಬೇರೊಂದು ಕ್ರಮ ತಂದರು. ಒಂದೇ ವಯಸ್ಸಿನವರ ಸರಾಸರಿಯನ್ನು 100 ಎಂದಿಟ್ಟುಕೊಂಡು, ವ್ಯಕ್ತಿಯು ಅದರಿಂದ ಎಷ್ಟು ದೂರವಿದ್ದಾನೆಂದು ನೋಡುವುದು ಈ ಕ್ರಮ. ಇಂದಿನ ಬಹುತೇಕ ಪರೀಕ್ಷೆಗಳು ಇದನ್ನೇ ಅನುಸರಿಸುತ್ತವೆ.

ಅಂಕದ ಅರ್ಥ

ಈ ಕ್ರಮದ ಪ್ರಕಾರ ನೂರು ಜನರಲ್ಲಿ ಸುಮಾರು 68 ಜನರ ಅಂಕ 85ರಿಂದ 115ರ ನಡುವೆ ಇರುತ್ತದೆ. 70ಕ್ಕಿಂತ ಕೆಳಗೆ ಇರುವವರು ನೂರಕ್ಕೆ ಇಬ್ಬರು ಮಾತ್ರ. 50ರಿಂದ 69ರವರೆಗಿನದನ್ನು ಸೌಮ್ಯ, 35ರಿಂದ 49ರವರೆಗಿನದನ್ನು ಮಧ್ಯಮ, ಅದಕ್ಕೂ ಕೆಳಗಿನದನ್ನು ತೀವ್ರ ಸ್ವರೂಪದ ಬೌದ್ಧಿಕ ನ್ಯೂನತೆಯೆಂದು ವಿಂಗಡಿಸುವುದು ರೂಢಿ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಯಾವ ಪರೀಕ್ಷೆಯಲ್ಲೂ ನಾಲ್ಕೈದು ಅಂಕಗಳ ಏರುಪೇರು ಸಹಜ. ಮಗುವಿಗೆ ಜ್ವರವಿತ್ತೇ, ಹಸಿದಿತ್ತೇ, ಅಪರಿಚಿತರ ಮುಂದೆ ಬೆದರಿತ್ತೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ 68 ಮತ್ತು 72ರ ನಡುವೆ ಪರ್ವತದಂಥ ಅಂತರವೇನೂ ಇಲ್ಲ. ಎರಡನೆಯದಾಗಿ, ಮಾಪಕಗಳೂ ಹಳೆಯದಾಗುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳ ಸರಾಸರಿ ಅಂಕ ಹತ್ತು ವರ್ಷಕ್ಕೆ ಸುಮಾರು ಮೂರರಂತೆ ಏರಿದ್ದನ್ನು ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು ತೋರಿಸಿದರು. ದಶಕಗಳ ಹಿಂದಿನ ಮಾಪಕದಲ್ಲಿ ಇಂದಿನ ಮಗುವಿನ ಅಂಕ ಸ್ವಲ್ಪ ಹೆಚ್ಚಾಗಿಯೇ ಕಾಣಬಹುದು. ಆದ್ದರಿಂದಲೇ ಅನುಭವಿ ಮನಶ್ಶಾಸ್ತ್ರಜ್ಞರು ಒಂದೇ ಪರೀಕ್ಷೆಯನ್ನು ನೆಚ್ಚಿ ತೀರ್ಮಾನ ಕೊಡುವುದಿಲ್ಲ.

ಈ ಅಂಕಗಳ ನಡುವೆ ಸಿಕ್ಕಿಕೊಂಡು ಯಾರ ಗಮನಕ್ಕೂ ಬಾರದ ಮಕ್ಕಳ ಗುಂಪೊಂದಿದೆ: 70ರಿಂದ 84ರವರು. ನಲವತ್ತು ಮಕ್ಕಳ ತರಗತಿಯಲ್ಲಿ ಅಂಥವರು ಸುಮಾರು ಐವರು ಇರಬಹುದು. ಇವರನ್ನು ಬೌದ್ಧಿಕ ನ್ಯೂನತೆಯುಳ್ಳವರೆಂದು ಪರಿಗಣಿಸುವುದಿಲ್ಲವಾದ್ದರಿಂದ ವಿಶೇಷ ನೆರವು ಸಿಗುವುದು ದುರ್ಲಭ. ತರಗತಿಯ ವೇಗಕ್ಕೆ ಹೆಜ್ಜೆ ಹಾಕಲಾಗದೆ ‘ದಡ್ಡ’ ಎಂಬ ಬಿರುದು ಮಾತ್ರ ದೊರೆಯುತ್ತದೆ. ಪಾಠವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಮಾಡಿ, ವಸ್ತುಗಳನ್ನು ಕೈಗೆ ಕೊಟ್ಟು, ಎರಡು ಸಲದ ಬದಲು ಆರು ಸಲ ಹೇಳಿದರೆ ಇವರಲ್ಲಿ ಅನೇಕರು ಕಲಿಯುತ್ತಾರೆ.

ಅಂಕ ಹೇಳದಿರುವುದು

1917ರಲ್ಲಿ ಅಮೆರಿಕವು ಮಹಾಯುದ್ಧಕ್ಕೆ ಸೇರಿದಾಗ ಅಲ್ಲಿನ ಸೈನ್ಯವು 17 ಲಕ್ಷಕ್ಕೂ ಹೆಚ್ಚು ಜನರಿಗೆ ಬುದ್ಧಿಪರೀಕ್ಷೆ ಮಾಡಿತು. ಕೆಲವು ಪ್ರಶ್ನೆಗಳು ಆ ದೇಶದ ಆಟಗಳ, ಅಂಗಡಿ ಸರಕುಗಳ ಕುರಿತಾಗಿದ್ದವು. ಹೊರನಾಡಿನಿಂದ ಆಗತಾನೆ ಬಂದವರು ಉತ್ತರಿಸಲಾರದೆ ಮಂದಬುದ್ಧಿಯವರೆನಿಸಿಕೊಂಡರು. ಪರೀಕ್ಷೆ ಬುದ್ಧಿಯನ್ನಲ್ಲ, ಪರಿಚಯವನ್ನು ಅಳೆದಿತ್ತು.

ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಕುರಿತ ಒಂದು ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಸಂತೆಯಲ್ಲಿ ಗಿರಾಕಿಗಳಿಗೆ ಬಾಯಿಲೆಕ್ಕದಲ್ಲಿ ನೂರಕ್ಕೆ 98ರಷ್ಟು ಸರಿಯುತ್ತರ ಕೊಟ್ಟ ಅದೇ ಮಕ್ಕಳು, ಅದೇ ಲೆಕ್ಕವನ್ನು ಕಾಗದದ ಮೇಲೆ ಬರಿಯ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37ರಷ್ಟು ಮಾತ್ರ ಸರಿ ಮಾಡಿದರು. ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ತಂದೆಯ ಅಂಗಡಿಯಲ್ಲಿ ಕುಳಿತು ಚಿಲ್ಲರೆ ಎಣಿಸುವ ಹುಡುಗನನ್ನಾಗಲಿ, ರಾಮದುರ್ಗದಲ್ಲಿ ಮಗ್ಗದ ಎಳೆಗಳ ಲೆಕ್ಕ ಹಿಡಿಯುವ ಹುಡುಗಿಯನ್ನಾಗಲಿ ನೋಡಿದವರಿಗೆ ಇದು ಆಶ್ಚರ್ಯವೆನಿಸದು.

ಈ ಕಾರಣದಿಂದಲೇ ಬೌದ್ಧಿಕ ನ್ಯೂನತೆಯ ನಿರ್ಣಯಕ್ಕೆ ಇಂದು ಅಂಕವೊಂದನ್ನೇ ಆಧಾರವಾಗಿ ತೆಗೆದುಕೊಳ್ಳುವುದಿಲ್ಲ. ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ತೊಡುತ್ತದೆಯೇ, ಅಂಗಡಿಗೆ ಹೋಗಿ ಸಾಮಾನು ತರುತ್ತದೆಯೇ, ಅಪಾಯವನ್ನು ಅರಿಯುತ್ತದೆಯೇ ಎಂಬ ಸಾಮಾಜಿಕ ಹೊಂದಾಣಿಕೆಯನ್ನೂ ಅಳೆಯಬೇಕು. ಅದಕ್ಕೆ ‘ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತಾ ಮಾಪಕ’ ಬಳಕೆಯಲ್ಲಿದೆ. ಪರೀಕ್ಷಕರು ಇಂಥ ಪ್ರಶ್ನೆ ಕೇಳಿದಾಗ ಕೆಲವು ಪಾಲಕರು ಮಾನಕ್ಕಂಜಿ ‘ಎಲ್ಲಾ ಮಾಡತಾನ್ರಿ’ ಎನ್ನುತ್ತಾರೆ. ಕೆಲವರು ಮಾಸಾಶನದ ಆಸೆಗೆ ‘ಏನೂ ಮಾಡಂಗಿಲ್ರಿ’ ಎನ್ನುತ್ತಾರೆ. ಎರಡೂ ಮಗುವಿಗೆ ಮಾಡುವ ಅನ್ಯಾಯವೇ. ಇದ್ದದ್ದನ್ನು ಇದ್ದಂತೆ ಹೇಳಬೇಕು.

ನವೋದಯ ವಿದ್ಯಾಲಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗಳಿಗೆ 50 ಅಂಕಗಳಿವೆ. ಅಭ್ಯಾಸದಿಂದ ಇಲ್ಲಿ ಅಂಕ ಹೆಚ್ಚಿಸಿಕೊಳ್ಳಬಹುದು. ಅದು ಆಯ್ಕೆಯ ಪರೀಕ್ಷೆಯೇ ಹೊರತು ಬುದ್ಧಿಸೂಚ್ಯಂಕವಲ್ಲ. ಅದರಲ್ಲಿ ಆಯ್ಕೆಯಾಗದ ಮಗು ಬುದ್ಧಿಹೀನವೆಂದು ಭಾವಿಸುವುದು ತಪ್ಪು.

ತಡೆಯಬಹುದಾದ ಕಾರಣಗಳು

ವೈದ್ಯನಾಗಿ ನಾನು ಹೆಚ್ಚು ಒತ್ತಿ ಹೇಳಬಯಸುವ ಮಾತು ಇದು. ಬುದ್ಧಿಯ ಬೆಳವಣಿಗೆಯನ್ನು ಕುಗ್ಗಿಸುವ ಕೆಲವು ಕಾರಣಗಳನ್ನು ನಾವು ಮನೆಯಲ್ಲೇ ತಡೆಯಬಹುದು.

ಅಯೋಡಿನ್ ಕೊರತೆ ಅದರಲ್ಲಿ ಮುಖ್ಯ. ತೀವ್ರ ಕೊರತೆಯಿರುವ ಪ್ರದೇಶದ ಮಕ್ಕಳ ಸರಾಸರಿ ಅಂಕ 12–13ರಷ್ಟು ಕಡಿಮೆಯಿರುವುದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ದನಕರುಗಳಿಗೆಂದು ತಂದ ಹರಳುಪ್ಪನ್ನೇ ಅಡುಗೆಗೂ ಬಳಸುವುದನ್ನು ಬಿಡಬೇಕು. ಅಯೋಡಿನ್ ಸೇರಿದ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಅಡುಗೆಯ ಕೊನೆಯಲ್ಲಿ ಹಾಕುವುದು ಲೇಸು. ಗರ್ಭಿಣಿಯರಿಗೆ ಇದು ಇನ್ನೂ ಮುಖ್ಯ.

ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡದ ಶಿಶುವಿಗೆ ಮೊದಲ ಎರಡು ವಾರಗಳಲ್ಲೇ ಚಿಕಿತ್ಸೆ ಆರಂಭವಾದರೆ ಬುದ್ಧಿಯ ಬೆಳವಣಿಗೆಗೆ ಧಕ್ಕೆಯಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಆದ್ದರಿಂದ ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ರಕ್ತಹೀನತೆ ಮತ್ತು ಜಂತುಬಾಧೆ ಮಗುವಿನ ಗಮನವನ್ನು ಕುಂದಿಸುತ್ತವೆ. ಕಿವಿ ಸೋರುವ ಮಗುವಿಗೆ ಪಾಠ ಕೇಳಿಸದೆ ಅದು ಮಂಕಾಗಿ ಕಾಣಬಹುದು. ಹತ್ತಿರದ ಸಂಬಂಧದಲ್ಲಿ ನಡೆಯುವ ವಿವಾಹಗಳಿಂದ ಕೆಲವು ಆನುವಂಶಿಕ ರೋಗಗಳ ಸಂಭವ ಹೆಚ್ಚುತ್ತದೆಂಬುದನ್ನೂ ಹಿರಿಯರು ಗಮನಿಸಬೇಕು.

ಶಾಲೆಯೂ ಒಂದು ಔಷಧವೇ. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಒಂದೊಂದು ವರ್ಷದ ಹೆಚ್ಚಿನ ಶಾಲಾ ಶಿಕ್ಷಣವು ಬುದ್ಧಿಪರೀಕ್ಷೆಯ ಅಂಕವನ್ನು ಒಂದರಿಂದ ಐದರಷ್ಟು ಏರಿಸುತ್ತದೆ. ಕಬ್ಬಿನ ಹಂಗಾಮಿಗೋ ಮನೆಗೆಲಸಕ್ಕೋ ಮಗಳನ್ನು ಶಾಲೆ ಬಿಡಿಸುವವರು ಇದನ್ನು ನೆನೆಯಬೇಕು.

ಬುದ್ಧಿ ಹೆಚ್ಚಿಸುವ ಔಷಧವಿದೆಯೇ?

ನನ್ನ ವೃತ್ತಿಯವರಿಗೆ ಸದಾ ಎದುರಾಗುವ ಪ್ರಶ್ನೆಯಿದು. ಚರಕಾಚಾರ್ಯರು ಮಂಡೂಕಪರ್ಣಿ, ಯಷ್ಟಿಮಧು, ಅಮೃತಬಳ್ಳಿ, ಶಂಖಪುಷ್ಪಿಗಳನ್ನು ಮೇಧ್ಯ ರಸಾಯನಗಳೆಂದು ಹೇಳಿದ್ದಾರೆ. ನಮ್ಮಲ್ಲಿ ಬ್ರಾಹ್ಮಿಯೆಂದು ಕರೆಯುವ ಒಂದೆಲಗವೇ ಮಂಡೂಕಪರ್ಣಿ. ನೀರುಬ್ರಾಹ್ಮಿ ಬೇರೆಯ ಗಿಡ. ನೀರುಬ್ರಾಹ್ಮಿಯಿಂದ ವಯಸ್ಕರ ಸ್ಮರಣೆಯಲ್ಲಿ ಅಲ್ಪಮಟ್ಟದ ಸುಧಾರಣೆ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ 60ರ ಅಂಕವನ್ನು 100ಕ್ಕೆ ಏರಿಸುವ ಔಷಧ ಆಯುರ್ವೇದದಲ್ಲಿಯೂ ಇಲ್ಲ, ಬೇರೆ ಯಾವ ಪದ್ಧತಿಯಲ್ಲಿಯೂ ಇಲ್ಲ. ಹಾಗೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ. ಹಸುಗೂಸಿಗೆ ಬಜೆಯನ್ನು ಮನಬಂದಂತೆ ತೇದು ನೆಕ್ಕಿಸುವುದೂ ಸಲ್ಲದು.

ಪಾಲಕರು ಏನು ಮಾಡಬೇಕು?

ಮಗು ನಡೆಯುವುದು, ಮಾತಾಡುವುದು ತಡವಾದರೆ ‘ದೊಡ್ಡವನಾದಂತೆ ಸರಿಹೋಗುತ್ತದೆ’ ಎಂದು ಕಾಯಬೇಡಿ. ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಕ್ಕೆ ತೋರಿಸಿ. ಮೊದಲು ಕಣ್ಣು, ಕಿವಿ, ರಕ್ತ, ಥೈರಾಯ್ಡ್ ಪರೀಕ್ಷೆಯಾಗಲಿ; ಬುದ್ಧಿಪರೀಕ್ಷೆ ಅನಂತರದ್ದು. ಅದನ್ನು ಅರ್ಹ ಮನಶ್ಶಾಸ್ತ್ರಜ್ಞರಿಂದಲೇ, ಮಗುವಿನ ಮನೆಮಾತಿನಲ್ಲಿಯೇ ಮಾಡಿಸಿ. ಧಾರವಾಡದ ಡಿಮ್ಹಾನ್ಸ್ ಸಂಸ್ಥೆ ನಮ್ಮ ನಾಲ್ಕೂ ತಾಲೂಕಿನವರಿಗೆ ದೂರವೇನಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆಯ ಪ್ರಮಾಣಪತ್ರ ದೊರೆತರೆ ಮೀಸಲಾತಿ ಮೊದಲಾದ ಸೌಲಭ್ಯಗಳಿವೆ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಉಂಟು. ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಅವಳ ತಮ್ಮನ ಪ್ರಮಾಣಪತ್ರ ಮಾಡಿಸದೆ ಉಳಿಯುವ ಕುಟುಂಬಗಳು ನಮ್ಮಲ್ಲಿವೆ. ಮುಚ್ಚಿಟ್ಟರೆ ನ್ಯೂನತೆ ಮರೆಯಾಗದು, ನೆರವು ಮಾತ್ರ ತಪ್ಪುತ್ತದೆ. ಸೌಮ್ಯ ನ್ಯೂನತೆಯ ಅನೇಕ ಮಕ್ಕಳು ತಕ್ಕ ತರಬೇತಿ ದೊರೆತರೆ ಓದು ಬರಹದಷ್ಟು ಕಲಿತು, ದೊಡ್ಡವರಾದ ಮೇಲೆ ಒಂದು ಕೆಲಸ ಹಿಡಿದು ಬದುಕಬಲ್ಲರು.

ಹನ್ನೆರಡನೆಯ ಶತಮಾನದ ಶರಣರು ಮನುಷ್ಯನ ಹಿರಿಮೆಯನ್ನು ಕುಲದಿಂದಾಗಲಿ ಸಂಪತ್ತಿನಿಂದಾಗಲಿ ಅಳೆಯಲಿಲ್ಲ. ಅವನ ಕಾಯಕ ಮತ್ತು ನಡತೆಯನ್ನು ನೋಡಿದರು. ಬುದ್ಧಿಸೂಚ್ಯಂಕವು ಮಗುವಿಗೆ ಯಾವ ಬಗೆಯ ಕಲಿಕೆ ಬೇಕೆಂದು ತಿಳಿಸುವ ಒಂದು ಸಾಧನ. ಅದನ್ನು ಅಷ್ಟಕ್ಕೇ ಬಳಸೋಣ. ವರದಿಯ ಹಾಳೆಯನ್ನು ಜೋಪಾನವಾಗಿಡಿ, ಎರಡು ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಿ, ಮಗುವಿನ ಎದುರಿಗೆ ಮಾತ್ರ ಆ ಅಂಕವನ್ನು ಎಂದೂ ಆಡಬೇಡಿ.