ಆಗುಂಬೆಗೂ ಸಿಂಗಟಗೆರೆಗೂ ಒಂದೇ ಮೈಕು

ಕಡೂರು ತಾಲ್ಲೂಕಿನ ಸಿಂಗಟಗೆರೆ, ಯಗಟಿ ಸೀಮೆಯವರಿಗೆ ಎಫ್‌ಎಂ ಬರುವ ಮೊದಲು ರೇಡಿಯೋ ಅಂದರೆ ಭದ್ರಾವತಿಯೇ. 1965ರಲ್ಲಿ ಶುರುವಾದ ಈ ಆಕಾಶವಾಣಿ ನಿಲಯ 675 ಕಿಲೋಹರ್ಟ್ಸ್, ಅಂದರೆ ಸುಮಾರು 444 ಮೀಟರಿನ ಮಧ್ಯಮ ತರಂಗದಲ್ಲಿ ಮಾತಾಡುತ್ತಿತ್ತು. ಹಗಲು ನೆಲ ಹಿಡಿದು ಬರುವ ತರಂಗವಾದ್ದರಿಂದ ಧ್ವನಿ ಸ್ಪಷ್ಟ. ಕತ್ತಲಾದ ಮೇಲೆ ದೂರದ ಇನ್ಯಾವುದೋ ನಿಲಯ ಅಯಾನುಗೋಳಕ್ಕೆ ತಾಗಿ ಇಳಿದು ನಡುವೆ ತಲೆಹಾಕುತ್ತಿತ್ತು. ಆಗ ಪೆಟ್ಟಿಗೆಯನ್ನೇ ಅತ್ತಿತ್ತ ತಿರುಗಿಸಿ ಕೇಳಬೇಕು. ಒಳಗಿನ ಫೆರೈಟ್ ಕಡ್ಡಿಯೇ ಅದರ ಆಂಟೆನಾ.

ಇಂಥ ನಿಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರ ಬಗ್ಗೆ ಬರೆಯುವಾಗ ನಾವು ಧ್ವನಿಯನ್ನೇ ಹೊಗಳುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಮುಂದಿದ್ದ ಭೂಗೋಳ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯೂ ಅದೇ ನಿಲಯ ಕೇಳುತ್ತದೆ. ಅದರ ಹತ್ತನೇ ಒಂದು ಪಾಲೂ ಕಾಣದ ಕಡೂರಿನ ಬಯಲೂ ಕೇಳುತ್ತದೆ. ಜೂನ್ ಕೊನೆಯಲ್ಲಿ ತೀರ್ಥಹಳ್ಳಿಯ ಅಡಿಕೆ ಬೆಳೆಗಾರ ಮಳೆ ಒಂದು ದಿನ ಬಿಡುವು ಕೊಟ್ಟರೆ ಸಾಕು, ಕೊಳೆರೋಗಕ್ಕೆ ಔಷಧಿ ಹೊಡೆದುಬಿಡೋಣ ಅಂತ ಕಾಯುತ್ತಿರುತ್ತಾನೆ. ಸಿಂಗಟಗೆರೆಯ ರೈತ ರಾಗಿ ಬಿತ್ತಲು ಒಂದು ಹದ ಮಳೆಗೆ ಮುಗಿಲು ನೋಡುತ್ತಿರುತ್ತಾನೆ. ಇಬ್ಬರಿಗೂ ಸಂಜೆಯ ಅದೇ ಕೃಷಿರಂಗ ಕಾರ್ಯಕ್ರಮ. ‘ಒಳ್ಳೆಯ ಮಳೆ’ ಎಂದು ಬಾಯಿಬಿಡುವ ಮುಂಚೆ ಎರಡು ಸಲ ಯೋಚಿಸಬೇಕಾದ ಕೆಲಸ ಅದು.

ಹಸಿರು ಕ್ರಾಂತಿಯ ಹೊತ್ತಿಗೆ, 1966ರಿಂದ, ಆಕಾಶವಾಣಿಯಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ಬಂದವು. ವಿಜ್ಞಾನಿಯನ್ನು ಕೂರಿಸಿ ಮಾತಾಡಿಸುವುದು ಸುಲಭವೆಂದು ಹೊರಗಿನವರಿಗೆ ಅನಿಸಬಹುದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ವಿಜ್ಞಾನಿ ಒಂದೇ ಉಸಿರಿಗೆ ಹೇಳಿ ಮುಂದಕ್ಕೆ ಹೋಗುತ್ತಾರೆ. ರೇಡಿಯೋವನ್ನು ಹಿಂದಕ್ಕೆ ತಿರುಗಿಸಿ ಕೇಳುವ ಹಾಗಿಲ್ಲವಲ್ಲ. ಹಾಗಾಗಿ ನುರಿತ ನಿರೂಪಕ ಏನೂ ಗೊತ್ತಿಲ್ಲದವನಂತೆ, ‘ಸುಣ್ಣ ಎಷ್ಟು ಅಂದಿರಿ ಸಾರ್?’ ಎಂದು ಕೇಳಬೇಕು. ಆ ಪೆದ್ದುತನ ಕಲಿಯಲು ವರ್ಷಗಳು ಬೇಕು.

ಇನ್ನು ಸ್ಪೂಲ್ ಟೇಪಿನ ಕಾಲದ ಕೈಚಳಕ. ಟೇಪು ಸೆಕೆಂಡಿಗೆ ಏಳೂವರೆ ಅಂಗುಲ ಓಡುತ್ತದೆ. ಮಾತಾಡುವವರು ಕೆಮ್ಮಿದರೆ ಆ ಜಾಗವನ್ನು ಕೈಯಲ್ಲೇ ಹಿಂದಕ್ಕೂ ಮುಂದಕ್ಕೂ ಉಜ್ಜಿ, ಶಬ್ದ ಹುಟ್ಟುವ ಬಿಂದುವಿಗೆ ಪೆನ್ಸಿಲ್ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಬೇಕು. ಉಸಿರೂ ಸೇರಿ ಕತ್ತರಿಸಿಹೋದರೆ ಮಾತು ಯಂತ್ರದ ಮಾತಾಗುತ್ತದೆ. ಕೆಮ್ಮು ಹೋಗಬೇಕು, ಉಸಿರು ಉಳಿಯಬೇಕು.

ಬೆಂಗಳೂರು ನಿಲಯದವರಿಗೆ ಹೆಸರಾದರೂ ದಕ್ಕಿತು. ಎ.ಎಸ್. ಮೂರ್ತಿ ರೇಡಿಯೋ ಈರಣ್ಣನಾಗಿ ಮನೆಮಾತಾದರು; ನಾಗಮಣಿ ಎಸ್. ರಾವ್ ಅವರ ವಾರ್ತೆ ಕೇಳಿದವರು ಇಂದಿಗೂ ಆ ದನಿ ನೆನೆಯುತ್ತಾರೆ. ಜಿಲ್ಲಾ ಮಟ್ಟದ ನಿಲಯಗಳ ಉದ್ಘೋಷಕರಲ್ಲಿ ಅನೇಕರು ದಿನಗೂಲಿಯಂತೆ ಪಾಳಿಗಿಷ್ಟು ಎಂದು ಸಂಭಾವನೆ ಪಡೆದ ತಾತ್ಕಾಲಿಕರು. ನಿಲಯ ಕಲಾವಿದರು ಕೂಡ ಮೊದಲು ಒಪ್ಪಂದದ ಮೇಲೇ ಇದ್ದವರು, ಸರ್ಕಾರಿ ನೌಕರರೆನಿಸಿಕೊಂಡದ್ದು 80ರ ದಶಕದಲ್ಲಿ. ಕೋಟ್ಯಂತರ ಜನರೊಡನೆ ಮಾತಾಡುವ ಸಂಸ್ಥೆ ತನ್ನ ದನಿಗೇ ಇಷ್ಟು ಜಿಪುಣತನ ತೋರಿಸಿದ್ದನ್ನು ಯಾವ ಸನ್ಮಾನದ ಶಾಲೂ ಮುಚ್ಚಲಾರದು.

ನಿಲಯಕ್ಕೆ ಹಾಡಲು ಬರುವ ಕಡೂರು ಕಡೆಯ ಜನಪದ ಕಲಾವಿದರಿಗೆ ದಾರಿ ಸಲೀಸಾಗಿತ್ತು: ಬೀರೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿದರೆ ತರೀಕೆರೆ, ಆಮೇಲೆ ಭದ್ರಾವತಿ. ಹೊಲದಲ್ಲೋ ಜಾತ್ರೆಯಲ್ಲೋ ಇಡೀ ರಾತ್ರಿ ಹಾಡುವವರಿಗೆ ಸ್ಟುಡಿಯೋದಲ್ಲಿ ಸಿಗುವುದು ನಿಮಿಷಗಳ ಲೆಕ್ಕ. ಗಾಜಿನಾಚೆ ಕೆಂಪು ದೀಪ ಹೊತ್ತಿಕೊಂಡ ಕೂಡಲೇ ಗಂಟಲು ಕಟ್ಟುತ್ತದೆ. ಅಂಥವರನ್ನು ಮೊದಲು ಊರಿನ ಬೆಳೆ, ದನಕರು, ಮಗಳ ಮದುವೆ ಎಂದು ಮಾತಿಗೆಳೆದು, ಅವರು ಸಡಿಲಾದ ಗಳಿಗೆ ನೋಡಿ ದನಿಮುದ್ರಣ ಶುರುಮಾಡುವುದು ಕಾರ್ಯಕ್ರಮ ನಿರ್ವಾಹಕರ ಜಾಣ್ಮೆ. ಯಾವ ನೇಮಕಾತಿ ಪರೀಕ್ಷೆಯಲ್ಲೂ ಇದಕ್ಕೆ ಅಂಕವಿಲ್ಲ.

ಟೇಪು ದುಬಾರಿ. ಹಾಗಾಗಿ ಪ್ರಸಾರವಾದ ಮೇಲೆ ಅಳಿಸಿ ಮತ್ತೆ ಬಳಸುವುದು ರೇಡಿಯೋ ನಿಲಯಗಳಲ್ಲಿ ಸಾಮಾನ್ಯವಾಗಿತ್ತು. ಭಂಡಾರಕ್ಕೆ ಹೋದದ್ದು ಹೆಚ್ಚಾಗಿ ಹೆಸರಾಂತರ ದನಿ. ಸೋಬಾನೆ ಹಾಡಿದ ಅಜ್ಜಿಯ ಟೇಪಿನ ಮೇಲೆ ಮುಂದಿನ ವಾರ ಗೊಬ್ಬರದ ಭಾಷಣ ಕೂತಿರುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಜಾಗಕ್ಕೆ ಬರವಿಲ್ಲ, ಆ್ಯಪ್‌ನಲ್ಲಿ ಆಕಾಶವಾಣಿ ದುಬೈನಲ್ಲೂ ಕೇಳುತ್ತದೆ. ಆ ಅಜ್ಜಿಯ ಹಾಡು ಮಾತ್ರ ಸಿಂಗಟಗೆರೆಯಲ್ಲೂ ಕೇಳಸಿಗದು.