ಮೂಕಾದ ಲ್ಯಾಪ್‌ಟಾಪ್‌ಗೆ ಮಾತು ಬಂತು

ಈಗ ಸಂದರ್ಶನ ಎಂದರೆ ಮೊದಲ ಸುತ್ತು ಬಹುತೇಕ ಲ್ಯಾಪ್‌ಟಾಪ್ ಮುಂದೆಯೇ. ರೆಸ್ಯೂಮೆ ತಿದ್ದುತ್ತೇವೆ, ಅಂಗಿಗೆ ಇಸ್ತ್ರಿ ಹಾಕುತ್ತೇವೆ, ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರ್ ತೆಗೆದಿಡುತ್ತೇವೆ, ನೆಟ್ ವೇಗ ನೋಡುತ್ತೇವೆ. ಶಬ್ದ ಬರುತ್ತಿದೆಯೇ ಎಂದು ನೋಡುವುದು ಮಾತ್ರ ಕೊನೆಗೆ. ಬರದೇ ಇದ್ದರೆ ಹೆಚ್ಚಿನವರು ಓಡುವುದು ರಿಪೇರಿ ಅಂಗಡಿಗೆ. ಅದಕ್ಕೆ ಮುಂಚೆ ಒಂದು ಗಂಟೆ ಕುಳಿತು ನೋಡಿದರೆ ಎಷ್ಟು ದುಡ್ಡು ಉಳಿಯಬಹುದು ಎಂಬುದನ್ನು ನನ್ನ ರೂಮ್‌ಮೇಟ್‌ನ ಲ್ಯಾಪ್‌ಟಾಪ್ ತೋರಿಸಿಕೊಟ್ಟಿತು.

ಅವನು ಶಿರಾ ಕಡೆಯವನು. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾನೆ. ಸೋಮವಾರ ಬೆಳಿಗ್ಗೆ 11ಕ್ಕೆ ಸಂದರ್ಶನವಿತ್ತು, ಶನಿವಾರ ಸಂಜೆ ಲ್ಯಾಪ್‌ಟಾಪ್ ಮೂಕಾಯಿತು. ಅಂಗಡಿಯವರು ಒಂದು ಹಾಡು ಹಾಕಿ ನೋಡಿ, ‘ಆಡಿಯೊ ಐಸಿ ಹೋಗಿದೆ ಸರ್, ಬೋರ್ಡ್ ಬಿಚ್ಚಬೇಕು. 4,500 ಆಗುತ್ತೆ, ಬುಧವಾರ ಬನ್ನಿ’ ಅಂದರಂತೆ. ‘ಬುಧವಾರ ಅಂದ್ರೆ ಇಂಟರ್‌ವ್ಯೂ ಮುಗ್ದೋಗಿರುತ್ತೆ ಕಣೋ. ದುಡ್ಡಿಗೆ ಮತ್ತೆ ಅಪ್ಪನ್ನ ಹೆಂಗೆ ಕೇಳ್ಲಿ?’ ಎಂದು ಬ್ಯಾಗ್ ಮಂಚದ ಮೇಲೆ ಎಸೆದು ಕುಳಿತ. ಅಂಗಡಿಯವರು ಸುಳ್ಳು ಹೇಳಿದರು ಎನ್ನಲಾರೆ. ಆದರೆ ಒಂದು ಹಾಡು ಹಾಕಿ, ಅದು ಕೇಳಿಸಲಿಲ್ಲ ಎಂದಮಾತ್ರಕ್ಕೆ ಚಿಪ್ ಹೋಗಿದೆ ಎಂದು ತೀರ್ಮಾನಿಸಲು ಬರುವುದಿಲ್ಲ.

ಯಾಕೆ ಎಂದರೆ, ಹಾಡು ಕಂಪ್ಯೂಟರಿನೊಳಗೆ ಇರುವುದು ಬರೀ ಅಂಕಿಗಳಾಗಿ. ಸಿ.ಡಿ. ಗುಣಮಟ್ಟದ ಒಂದು ಸೆಕೆಂಡ್ ಹಾಡಿನಲ್ಲಿ ಒಂದೊಂದು ಕಿವಿಗೆ 44,100 ಅಂಕಿಗಳಿರುತ್ತವೆ. ಅವನ್ನು ಸ್ಪೀಕರ್ ಅಲುಗಾಡಿಸಬಲ್ಲ ವಿದ್ಯುತ್ತಾಗಿ ಬದಲಿಸುವುದು ಆಡಿಯೊ ಚಿಪ್. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇದು ತೈವಾನಿನ ರಿಯಲ್‌ಟೆಕ್ ಕಂಪನಿಯದು. ಏಡಿಯ ಗುರುತಿನ ಈ ಕಂಪನಿ ಶುರುವಾದದ್ದು 1987ರಲ್ಲಿ. ನಮ್ಮಲ್ಲಿ ಎಷ್ಟೋ ಜನ ದಿನವೂ ಅದರ ಚಿಪ್‌ನಿಂದಲೇ ಹಾಡು ಕೇಳುತ್ತೇವೆ, ಹೆಸರು ಗೊತ್ತಿರುವುದಿಲ್ಲ. ಈ ಚಿಪ್‌ಗೂ ವಿಂಡೋಸ್‌ಗೂ ನಡುವೆ ದುಭಾಷಿಯಾಗಿ ನಿಲ್ಲುವ ಸಣ್ಣ ತಂತ್ರಾಂಶವೇ ಡ್ರೈವರ್. ದುಭಾಷಿ ಎದ್ದು ಹೋದರೆ ಚಿಪ್ಪೂ ಸ್ಪೀಕರೂ ಗಟ್ಟಿಮುಟ್ಟಾಗಿದ್ದರೂ ಸದ್ದು ಹೊರಡುವುದಿಲ್ಲ.

ಹಾಗಾಗಿ ಮೊದಲು ತಿಳಿಯಬೇಕಾದದ್ದು ಇಷ್ಟೇ: ಕೆಟ್ಟಿರುವುದು ವಸ್ತುವೋ, ತಂತ್ರಾಂಶವೋ?

ಟಾಸ್ಕ್‌ಬಾರ್‌ನ ಸ್ಪೀಕರ್ ಚಿಹ್ನೆ ಒತ್ತಿ, ಶಬ್ದ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ. ಎಚ್‌ಡಿಎಂಐ ತಂತಿಯಲ್ಲಿ ಟಿ.ವಿ.ಯೋ ಮಾನಿಟರೋ ಸೇರಿಸಿದ್ದರೆ ಶಬ್ದ ಅತ್ತ ಹೊರಟಿರಬಹುದು. ಪಕ್ಕದ ಕೋಣೆಯಲ್ಲಿ ಬಿಟ್ಟುಬಂದ ಬ್ಲೂಟೂತ್ ಇಯರ್‌ಫೋನಿನಲ್ಲಿ ಹಾಡು ಯಾರಿಗೂ ಕೇಳಿಸದೆ ಓಡುತ್ತಿರುವುದೂ ಉಂಟು. ನಮ್ಮ ಸಮಸ್ಯೆ ಅದಾಗಿರಲಿಲ್ಲ. ತಂತಿಯ ಇಯರ್‌ಫೋನ್ ಸಿಕ್ಕಿಸಿದೆವು, ನಿಶ್ಶಬ್ದ. ಬ್ಲೂಟೂತ್‌ನದು ಜೋಡಿಸಿದೆವು, ಚೆನ್ನಾಗಿ ಕೇಳಿಸಿತು. ಬ್ಲೂಟೂತ್‌ನಲ್ಲಿ ಲ್ಯಾಪ್‌ಟಾಪ್ ಅಂಕಿಗಳನ್ನಷ್ಟೇ ಕಳಿಸುತ್ತದೆ, ಅದನ್ನು ಸದ್ದಾಗಿಸುವ ಚಿಪ್ ಇಯರ್‌ಫೋನಿನ ಒಳಗೇ ಇರುತ್ತದೆ. ಅಂದರೆ ತೊಂದರೆ ಇರುವುದು ಲ್ಯಾಪ್‌ಟಾಪ್‌ನ ಸ್ವಂತ ದಾರಿಯಲ್ಲಿ.

ಬ್ಲೂಟೂತ್ ಬಿಡಿಸಿದ ಕೂಡಲೇ ಸ್ಪೀಕರ್ ಚಿಹ್ನೆಯ ಮೇಲೆ ಕೆಂಪು ಗುಣಿಸು ಗುರುತು ಬಂತು. ಇದು ಒಳ್ಳೆಯ ಸುಳಿವು. ಸ್ಪೀಕರಿನ ಪರದೆ ಹರಿದಿದ್ದರೆ ಅದು ವಿಂಡೋಸ್‌ಗೆ ತಿಳಿಯುವುದೇ ಇಲ್ಲ, ಎಲ್ಲ ಸರಿಯಿದೆ ಎಂದೇ ತೋರಿಸುತ್ತಿರುತ್ತದೆ. ಕೆಂಪು ಗುರುತು ಬಂದಿದೆ ಎಂದರೆ ಶಬ್ದ ಕೊಡುವ ಸಾಧನವನ್ನು ಬಳಸಲು ಅದಕ್ಕೆ ಆಗುತ್ತಿಲ್ಲ ಎಂದರ್ಥ.

ಮುಂದಿನದು ಡಿವೈಸ್ ಮ್ಯಾನೇಜರ್. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿದರೆ ಸಿಗುತ್ತದೆ. ಅದರಲ್ಲಿ ‘ಸೌಂಡ್, ವಿಡಿಯೊ ಆ್ಯಂಡ್ ಗೇಮ್ ಕಂಟ್ರೋಲರ್ಸ್’ ಬಿಡಿಸಿ ನೋಡಿದರೆ ಆಡಿಯೊ ಚಿಪ್‌ನ ಹೆಸರಿತ್ತು, ಪಕ್ಕದಲ್ಲಿ ಹಳದಿ ತ್ರಿಕೋನವಿತ್ತು. ನನಗೆ ಸಮಾಧಾನವಾದದ್ದು ಆಗಲೇ. ಚಿಪ್ ಪೂರ್ತಿ ಸತ್ತಿದ್ದರೆ ಸಾಮಾನ್ಯವಾಗಿ ಹೆಸರೇ ಕಾಣಿಸುವುದಿಲ್ಲ. ಎರಡು ಬಾರಿ ಒತ್ತಿದಾಗ ‘ಕೋಡ್ 10’ ಎಂದಿತ್ತು, ಅಂದರೆ ಸಾಧನ ಚಾಲೂ ಆಗುತ್ತಿಲ್ಲ. ನಿಮಗೆ ಕೋಡ್ 28 ಕಂಡರೆ ಡ್ರೈವರ್ ಇಲ್ಲವೇ ಇಲ್ಲ. ಕೋಡ್ 22 ಆದರೆ ಯಾರೋ ಸಾಧನವನ್ನು ಆಫ್ ಮಾಡಿದ್ದಾರೆ. ಬಲ ಕ್ಲಿಕ್ ಮಾಡಿ ‘ಎನೇಬಲ್’ ಒತ್ತಿದರೆ ಮುಗಿಯಿತು.

‘ಹೊಸದಾಗಿ ಏನಾದ್ರೂ ಹಾಕಿದ್ಯೇನೋ?’ ಎಂದು ಕೇಳಿದೆ. ಲ್ಯಾಪ್‌ಟಾಪ್ ನಿಧಾನ ಎಂದು ಗುರುವಾರ ಒಂದು ಉಚಿತ ‘ಡ್ರೈವರ್ ಅಪ್‌ಡೇಟರ್’ ಹಾಕಿದ್ದನಂತೆ. ನಿಮ್ಮ 14 ಡ್ರೈವರ್ ಹಳೆಯದಾಗಿವೆ, ಒಂದೇ ಕ್ಲಿಕ್‌ನಲ್ಲಿ ಸರಿ ಮಾಡುತ್ತೇನೆ ಎಂದು ಅದು ಹೆದರಿಸಿತ್ತು. ಇಂಥವನ್ನು ನಾನು ಎಂದೂ ನಂಬುವುದಿಲ್ಲ. ಡ್ರೈವರ್ ಎನ್ನುವುದು ಮೊಬೈಲ್ ಆ್ಯಪ್ ಥರ ಹೊಸದಾದಷ್ಟೂ ಒಳ್ಳೆಯದು ಎಂದೇನಿಲ್ಲ. ಒಂದೇ ಚಿಪ್ ಇದ್ದರೂ ಲ್ಯಾಪ್‌ಟಾಪ್ ತಯಾರಿಸಿದವರು ತಮ್ಮ ಸ್ಪೀಕರ್, ಮೈಕ್, ಜಾಕ್‌ಗಳಿಗೆ ಹೊಂದುವಂತೆ ಅದನ್ನು ತಿದ್ದಿರುತ್ತಾರೆ. ಬೇರೆ ಮಾಡೆಲ್‌ನ ಡ್ರೈವರ್ ಬಂದು ಕುಳಿತರೆ ಹೀಗೇ ಆಗುವುದು.

ಆ ಅಪ್‌ಡೇಟರ್ ಅನ್ನು ಕಿತ್ತುಹಾಕಿದೆವು. ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿ ಇರುತ್ತದೆ. ಅದು ಬೆಳಗಿದ್ದರೆ ನಿಮ್ಮ ಅದೃಷ್ಟ, ಒತ್ತಿದರೆ ಹಿಂದಿನ ಡ್ರೈವರ್ ವಾಪಸ್ ಬರುತ್ತದೆ. ನಮ್ಮದು ಮಸುಕಾಗಿತ್ತು. ಹಾಗಾಗಿ ಪೂರ್ತಿ ತೆಗೆದು ಮತ್ತೆ ಹಾಕುವುದೊಂದೇ ದಾರಿ.

ಆದರೆ ತೆಗೆಯುವ ಮೊದಲು ಹೊಸದು ಕೈಯಲ್ಲಿರಬೇಕು. ಲ್ಯಾಪ್‌ಟಾಪ್‌ನ ತಳದ ಸ್ಟಿಕ್ಕರ್‌ನಲ್ಲಿ ಮಾಡೆಲ್ ಸಂಖ್ಯೆ ಇರುತ್ತದೆ. ಅಳಿಸಿಹೋಗಿದ್ದರೆ ಸರ್ಚ್‌ನಲ್ಲಿ ‘ಸಿಸ್ಟಂ ಇನ್ಫರ್ಮೇಷನ್’ ಎಂದು ಹುಡುಕಿ ತೆರೆದರೆ ‘ಸಿಸ್ಟಂ ಮಾಡೆಲ್’ ಸಾಲಿನಲ್ಲಿ ಸಿಗುತ್ತದೆ. ಆ ಹೆಸರು ಹಿಡಿದು ತಯಾರಕರ ಅಧಿಕೃತ ತಾಣದ ಸಪೋರ್ಟ್ ಪುಟಕ್ಕೆ ಹೋಗಿ, ನಮ್ಮ ವಿಂಡೋಸ್ ಆವೃತ್ತಿಗೆ ತಕ್ಕ ಆಡಿಯೊ ಡ್ರೈವರ್ ಇಳಿಸಿಕೊಂಡೆವು. ಪಿ.ಜಿ.ಯ ವೈಫೈನಲ್ಲಿ ಇದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಈಚಿನ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ‘ಇಂಟೆಲ್ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ’ ಎಂಬ ಇನ್ನೊಂದು ಡ್ರೈವರ್ ಕೂಡ ಬೇಕು. ಸಪೋರ್ಟ್ ಪುಟದಲ್ಲಿ ಅದು ಕಂಡರೆ ಎರಡನ್ನೂ ಇಳಿಸಿಕೊಳ್ಳಿ, ಇಲ್ಲದಿದ್ದರೆ ರಿಯಲ್‌ಟೆಕ್ ಎಷ್ಟು ಸಲ ಹಾಕಿದರೂ ಪ್ರಯೋಜನವಿಲ್ಲ.

ಈಗ ಚಿಪ್‌ನ ಹೆಸರಿನ ಮೇಲೆ ಬಲ ಕ್ಲಿಕ್, ‘ಅನ್‌ಇನ್‌ಸ್ಟಾಲ್ ಡಿವೈಸ್’. ಆಗ ಬರುವ ಪುಟ್ಟ ಕಿಟಕಿಯಲ್ಲಿ ಡ್ರೈವರ್ ತಂತ್ರಾಂಶವನ್ನೂ ಅಳಿಸಲೇ ಎಂದು ಕೇಳುವ ಒಂದು ಚೌಕವಿರುತ್ತದೆ. ಇದಕ್ಕೆ ಟಿಕ್ ಹಾಕದೆ ಬಿಡುವುದರಿಂದಲೇ ಎಷ್ಟೋ ಜನರ ಶ್ರಮ ವ್ಯರ್ಥವಾಗುತ್ತದೆ. ಟಿಕ್ ಇಲ್ಲದಿದ್ದರೆ ಕೆಟ್ಟ ಡ್ರೈವರ್ ಕಂಪ್ಯೂಟರಿನ ಮೂಲೆಯಲ್ಲೇ ಕುಳಿತಿದ್ದು, ರೀಸ್ಟಾರ್ಟ್ ಆದಾಗ ಮತ್ತೆ ತಾನೇ ಬಂದು ಕೂರುತ್ತದೆ. ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದೆವು. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಮಾಯವಾಗಿ ‘ಹೈ ಡೆಫಿನಿಷನ್ ಆಡಿಯೊ ಡಿವೈಸ್’ ಎಂದು ಬಂತು. ಅದು ವಿಂಡೋಸ್ ತನ್ನ ಬಳಿ ಇಟ್ಟುಕೊಂಡಿರುವ ಸಾಮಾನ್ಯ ಡ್ರೈವರ್. ವಾಲ್ಯೂಮ್ ಎಳೆದು ಬಿಟ್ಟಾಗ ‘ಟಿಂಗ್’ ಎಂದಿತು. ಅವನು ಮಂಚದಿಂದ ಇಳಿದು ಬಂದು ಇನ್ನೊಮ್ಮೆ ಎಳೆದು ನೋಡಿದ.

ಸದ್ದು ತೆಳುವಾಗಿತ್ತು. ಇಳಿಸಿಕೊಂಡಿದ್ದ ತಯಾರಕರ ಡ್ರೈವರ್ ಹಾಕಿ ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದ ಮೇಲೆ ಮೊದಲಿನಂತಾಯಿತು. ತಯಾರಕರ ಡ್ರೈವರ್ ಸಿಗದಿದ್ದರೂ ಚಿಂತೆ ಬೇಡ, ಸಂದರ್ಶನಕ್ಕೆ ವಿಂಡೋಸ್‌ನ ಸಾಮಾನ್ಯ ಡ್ರೈವರ್ರೇ ಸಾಕು. ಡ್ರೈವರ್ ಸರಿಯಿದ್ದೂ ಶಬ್ದವಿಲ್ಲದಿದ್ದರೆ ‘ಸರ್ವೀಸಸ್’ ತೆರೆದು ‘ವಿಂಡೋಸ್ ಆಡಿಯೊ’ ಮತ್ತು ‘ವಿಂಡೋಸ್ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್’ ಎರಡೂ ಓಡುತ್ತಿವೆಯೇ ಎಂದು ನೋಡಿ.

ನಮಗೆ ಕೇಳಿಸಿದರಷ್ಟೇ ಸಾಲದು, ಅತ್ತಲಿನವರಿಗೂ ಕೇಳಿಸಬೇಕಲ್ಲ. ಮೈಕ್‌ಗೂ ಸಾಮಾನ್ಯವಾಗಿ ಇದೇ ಡ್ರೈವರ್ ಬೇಕಾದ್ದರಿಂದ ಅದನ್ನೂ ರೆಕಾರ್ಡ್ ಮಾಡಿ ಕೇಳಿದೆವು. ಸೆಟ್ಟಿಂಗ್ಸ್‌ನ ‘ಪ್ರೈವಸಿ’ಯಲ್ಲಿ ಮೈಕ್ರೊಫೋನ್ ಅನುಮತಿ ಆಫ್ ಆಗಿದ್ದರೆ ಯಾವ ಡ್ರೈವರ್ ಹಾಕಿದರೂ ನಿಮ್ಮ ದನಿ ಆಚೆ ಹೋಗದು. ಸೋಮವಾರ ಅವನ ಸಂದರ್ಶನ ನಲವತ್ತು ನಿಮಿಷ ನಡೆಯಿತು. ಎರಡನೇ ಸುತ್ತಿಗೆ ಕರೆದಿದ್ದಾರೆ.

ಇಷ್ಟೆಲ್ಲ ಮಾಡಲು ಹೊತ್ತೇ ಇಲ್ಲ, ಇನ್ನು ಅರ್ಧ ಗಂಟೆಯಲ್ಲಿ ಕರೆ ಬರುತ್ತದೆ ಎನ್ನುವವರು ಯುಎಸ್‌ಬಿ ಹೆಡ್‌ಸೆಟ್ ಸಿಕ್ಕಿಸಿ. ಅದರೊಳಗೆ ಅದರದೇ ಚಿಪ್ ಇರುವುದರಿಂದ ಲ್ಯಾಪ್‌ಟಾಪ್‌ನ ಆಡಿಯೊ ಡ್ರೈವರ್ ಕೆಟ್ಟಿದ್ದರೂ ನಡೆಯುತ್ತದೆ. ಅದೂ ಇಲ್ಲದಿದ್ದರೆ ಮೊಬೈಲ್‌ನಲ್ಲೇ ಸೇರಿಕೊಳ್ಳಿ.

ಎಲ್ಲ ಮಾಡಿಯೂ ಸದ್ದು ಬರಲಿಲ್ಲವೇ? ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ ಇನ್‌ಸ್ಟಾಲ್ ಮಾಡದೆಯೇ ಅದರಿಂದ ಲ್ಯಾಪ್‌ಟಾಪ್ ಚಾಲೂ ಮಾಡಿ ನೋಡಬಹುದು. ಅದು ತನ್ನದೇ ಡ್ರೈವರ್ ತರುತ್ತದೆ. ಅದರಲ್ಲಿ ಹಾಡು ಕೇಳಿಸಿದರೆ ಚಿಪ್ ಚೆನ್ನಾಗಿದೆ, ವಿಂಡೋಸ್ ಕಡೆಯೇ ಮತ್ತೆ ಹುಡುಕಬೇಕು. ಅದರಲ್ಲೂ ಕೇಳಿಸದಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲೂ ಹೆಸರಿಲ್ಲದಿದ್ದರೆ, ಅಂಗಡಿಗೆ ಹೊರಡಿ. ಹೋದಾಗ ‘ಸೌಂಡ್ ಬರ್ತಿಲ್ಲ’ ಎಂದಷ್ಟೇ ಹೇಳದೆ, ಏನೇನು ಮಾಡಿ ನೋಡಿದಿರಿ ಎಂಬುದನ್ನೂ ಹೇಳಿ.